ಹದಿನಾಲ್ಕನೇ ದಿನ

ಮೂರನೇ ದಿನಕ್ಕೇ ಬಂದುಬಿಟ್ಟಿದ್ದರು ಲಾಡ್ಲೇಸಾಬ,
ಶಹಾಬಾದಿನಿಂದ, ಬೆಳಗಿನ ಪ್ಯಾಸೆಂಜರ್ ಗಾಡಿಗೆ.
ಬಗಲಲ್ಲಿ ಎರಡು ವರ್ಷದ ಎಕ್ಸ್‌ರೇಗಳು
ಸುರುಳಿ ಸುತ್ತಿ, ರಬ್ಬರ್ ಹಾಕಿ.
"ರಿಪೋರ್ಟ್ ಆತೇನ್ರಿ ಬಾಯಿ?"

ಆಯಿತು ಅನ್ನಬಹುದಿತ್ತು.
ತೊಂಬತ್ತಾರು ಕುಳಿಯ ತಟ್ಟೆ,
ಮಕ್ಕಳಾಟದ ಪಡ್ಡಿನ ಹಂಚಿನಂಥದ್ದು,
ಸಾಲಿಗೊಂದು ಔಷಧಿ, ಕುಳಿಗೊಂದು ಅಳತೆ.
ಕೆಳಗೆ ಕನ್ನಡಿ ಹಿಡಿದು ನೋಡಿದ್ದೆ:
ಕ್ಲಾರಿಥ್ರೋಮೈಸಿನ್ ಸಾಲಿನಲ್ಲಿ ತಿಳಿನೀರು,
ಔಷಧಿ ಗೆದ್ದ ಹಾಗೆ.
ಹೀಗೆ ತಿಳಿನೀರು ನಂಬಿ ಸಹಿ ಹಾಕಿದ್ದೆ ಹಿಂದೊಮ್ಮೆ.
ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

"ಇನ್ನ ಹನ್ನೊಂದು ದಿನ ಕಾಯ್ರಿ ಕಾಕಾ.
ಇದು ಔಷಧಿ ರುಚಿ ನೋಡಿ
ಆಮ್ಯಾಗ ಕಲೀತದ."
ಅವರು ನಕ್ಕರು, ನಗು ಕೆಮ್ಮಾಯಿತು,
ಕೆಮ್ಮು ಮುಗಿಯುವತನಕ
ಕಾರಿಡಾರಿನ ಗೋಡೆ ಅವರನ್ನು ಹಿಡಿದಿತ್ತು.

ಎರಡು ಸಲ ಟಿಬಿ ಗುಳಿಗೆ ನುಂಗಿದ್ದಾರೆ,
ಆರಾರು ತಿಂಗಳು, ಮೂತ್ರ ಕೇಸರಿಯಾಗುವ ಹಾಗೆ.
ಸೂಕ್ಷ್ಮದರ್ಶಕದಡಿ ಅವೇ ಕೆಂಪು ಕಡ್ಡಿಗಳು,
ಯಾರು ನೋಡಿದರೂ ಟಿಬಿಯೇ ಅನ್ನಬೇಕು.
ಯಂತ್ರ ಮಾತ್ರ ಎರಡು ಸಲವೂ ಇಲ್ಲ ಅಂದಿತ್ತು.
ಯಂತ್ರ ಕೆಟ್ಟಿದೆ ಅಂದುಕೊಂಡರು.

ಇದು ಬೇರೆ ಬಳಗದ್ದು.
ನಲ್ಲಿಯ ಲೋಳೆಯಲ್ಲಿ, ಮಣ್ಣಲ್ಲಿ ತನ್ನಷ್ಟಕ್ಕಿರುವುದು.
ಮೂವತ್ತು ವರ್ಷ ಫರಸಿ ಪಾಲಿಶ್ ಮಾಡಿದ ಎದೆ,
ಒಂದೇ ಹೌದಿನ ನೀರು ತಿರುಗಿ ತಿರುಗಿ
ಚಕ್ರದಿಂದ ಮುಖಕ್ಕೆ ಸಿಡಿಯುವ ಶೆಡ್ಡು.
ಅಲ್ಲಿಂದಲೇ ಬಂತೇ?
ಹೇಳಲಾರೆ. ಯಾರೂ ಹೇಳಲಾರರು.

"ಮಂದಿಗಿ ಹತ್ತೂದಿಲ್ಲೇನ್ರಿ?"
"ಹತ್ತೂದಿಲ್ಲ ಅಂತನ ತಿಳೀರಿ ಕಾಕಾ."
ಸುಮ್ಮನಾದರು.
ಎರಡು ವರ್ಷ ತಟ್ಟೆ ಬೇರೆ, ಲೋಟ ಬೇರೆ,
ಹೊರಗಿನ ಕಟ್ಟೆಯ ಮೇಲೆ ಹಾಸಿಗೆ.
"ಹಂಗಾರ ಅಲ್ಫಿಯಾಗ ಎತ್ಕೋಬಹುದು."
ಮೊಮ್ಮಗಳಿಗೆ ಈಗ ಎರಡು ತುಂಬಿದೆ.
ಎತ್ತಿಕೊಳ್ಳಲು ಬಿಡುತ್ತಾಳೋ ಇಲ್ಲವೋ.

ಹದಿನಾಲ್ಕನೇ ದಿನ
ಅದೇ ಸಾಲಲ್ಲಿ, ಕುಳಿ ಕುಳಿಯ ತಳದಲ್ಲಿ
ಗಸಗಸೆಯಷ್ಟು ಬೆಳ್ಳಗೆ, ಗುಂಡಗೆ.
ಕನ್ನಡಿ ಒರೆಸಿ ಮತ್ತೆ ನೋಡಿದೆ.
ಎದ್ದು ಕೂತಿತ್ತು.

ಡಾಕ್ಟರ್ ಪ್ರಭಾವತಿ ಚೀಟಿ ಬರೆಯದೆ
ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.
ಒಂದು ಗುಳಿಗೆ ಕೈಕಾಲು ಜುಮುಗುಡಿಸುತ್ತದೆ,
ಒಂದು, ಕುಷ್ಠಕ್ಕೆ ಕೊಡುವ ಹಳೆಯದು, ಮೈ ಕಪ್ಪಾಗಿಸುತ್ತದೆ.
"ಅದೇನ್ ಬಿಡ್ರಿ, ಮೊದಲೇ ಕರಿಯ ಅದೀನಿ."
ಇವುಗಳ ಜೊತೆಗೆ ಸೂಜಿ, ಅಮಿಕಾಸಿನ್,
ವಾರಕ್ಕೆ ಮೂರು ಸಲ, ತಿಂಗಳುಗಟ್ಟಲೆ.
ತಟ್ಟೆಯಲ್ಲಿ ಅದರ ಸಾಲು ಇನ್ನೂ ತಿಳಿಯಾಗಿತ್ತು.
"ಅದು ಕಿವಿ ತಿನ್ನಬಹುದು. ಹೋದದ್ದು ತಿರುಗಿ ಬರೂದಿಲ್ಲ.
ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡೋಣು."

ಈ ಸಲ ಲಾಡ್ಲೇಸಾಬ ನಗಲಿಲ್ಲ.

ಪಾಲಿಶ್ ಬಿಟ್ಟ ಮೇಲೆ ಅವರ ಅನ್ನ ಕಿವಿಯದ್ದು.
ಲಾರಿಗೆ ಏರುವ ಮುಂಚೆ ಒಂದೊಂದು ಫರಸಿಯನ್ನೂ
ಸುತ್ತಿಗೆಯ ಹಿಡಿಕೆಯಿಂದ ತಟ್ಟುತ್ತಾರೆ:
ಗಟ್ಟಿ ಇದ್ದದ್ದು ಟಣ್ ಅಂತದ,
ಒಳಗೆ ಸೀಳಿದ್ದು ದಪ್ ಅಂತದ.
ಆ ಎರಡು ಸದ್ದಿನ ನಡುವೆ ದಿನಕ್ಕೆ ನಾಲ್ಕುನೂರು ರೂಪಾಯಿ.

"ಉಸಿರಿಗಿ ಕಿವಿ ಒತ್ತಿ ಇಡು ಅಂತೀರಿ."
ಡಾಕ್ಟರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.
"ಮನ್ಯಾಗ ಕೇಳಿ ಸೋಮವಾರ ಬರ್ತೀನ್ರಿ."

ಹೋಗುವಾಗ ನನ್ನ ಕೋಣೆಗೆ ಬಂದರು,
ಎಕ್ಸ್‌ರೇ ಬಗಲಲ್ಲಿಟ್ಟು,
ನಾನು ದಿನವೂ ತಟ್ಟೆಯಿಟ್ಟು ಓದುವ
ಕಟ್ಟೆಯ ಫರಸಿಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರು,
ಇಲ್ಲೊಮ್ಮೆ, ಅಲ್ಲೊಮ್ಮೆ, ಸಿಂಕಿನ ಪಕ್ಕ ಮತ್ತೊಮ್ಮೆ.
"ಇದು ನಮ್ಮ ಊರಿಂದೇ. ಇಲ್ಲಿ ಒಳಗ ಸೀಳ್ಯದ.
ಭಾರ ಇಡಬ್ಯಾಡ್ರಿ."

ಎಂಟು ವರ್ಷದ ಕಟ್ಟೆ.
ಅವರು ಹೋದ ಮೇಲೆ ನಾನೂ ತಟ್ಟಿದೆ,
ಫ್ಯಾನ್ ಆರಿಸಿ, ಬಾಗಿಲು ಮುಂದೆ ಮಾಡಿ, ಕಿವಿಯಿಟ್ಟು.
ನನಗೆ ಎರಡೂ ಒಂದೇ ಕೇಳಿಸಿತು.
ಇನ್‌ಕ್ಯುಬೇಟರನ್ನು ಮಾತ್ರ
ಈಚೆ ತುದಿಗೆ ಸರಿಸಿದೆ.